ಮಲಗಿ ಎದ್ದು ಬರ್ತೀನಿ

ನಮ್ಮೂರಿನಲ್ಲಿ ಬಾಯಿಗೆ ಬಂದದ್ದು ಹೇಳಿ ಮನೆ ಬಿಡುವ ಹಾಗಿಲ್ಲ. ಹೊಸ್ತಿಲ ಮೇಲೆ ನಿಂತು ಏನು ಹೇಳುತ್ತೀರೋ ಅದೇ ನಡೆಯುತ್ತದೆ. ‘ಹೋಗಿ ಬರ್ತೀನಿ’ ಅಂದವರು ಎಲ್ಲೇ ಇರಲಿ, ದೀಪ ಹಚ್ಚುವ ಹೊತ್ತಾಯಿತೆಂದರೆ ಅವರ ಕಾಲು ಮನೆಯ ಕಡೆ ತಿರುಗಿಬಿಡುತ್ತದೆ. ಆಮೇಲೆ ಬಸ್ಸಿನಲ್ಲೋ ನಡೆದೋ ಬಂದು ಸೇರುವುದೊಂದೇ ಉಳಿದ ಕೆಲಸ. ಹಾಗಾಗಿ ಪರವೂರಿನ ಮದುವೆಗಳಲ್ಲಿ ನಮ್ಮವರನ್ನು ಮೊದಲ ಪಂಕ್ತಿಗೇ ಕೂರಿಸುತ್ತಾರೆ. ಸಂಜೆಯ ಆರತಕ್ಷತೆಗೆ ಹೋದವರು ಅರ್ಧ ಹೋಳಿಗೆ ಕೈಯಲ್ಲಿ ಹಿಡಿದು, ಎಲೆಯ ಮುಂದಿನಿಂದ ಎದ್ದು ಬಂದದ್ದೂ ಉಂಟು. ಸಂಜೆ ಆಟದ ಸಿನಿಮಾ ಹೇಗೆ ಮುಗಿಯುತ್ತದೆಂದು ನಮ್ಮೂರಿನಲ್ಲಿ ಯಾರಿಗೂ ಗೊತ್ತಿಲ್ಲ, ಮಾರನೆಯ ದಿನ ಬಸ್ಸಿನ ಕಂಡಕ್ಟರನ್ನು ಕೇಳಿ ತಿಳಿದುಕೊಳ್ಳುತ್ತೇವೆ.

ಏನೂ ಹೇಳದೆ ಹೊರಡೋಣ ಅಂದರೆ ಹೊಸ್ತಿಲು ದಾಟಲು ಕಾಲೇ ಏಳುವುದಿಲ್ಲ. ಹೇಳಬೇಕಾದ್ದಕ್ಕಿಂತ ಹೆಚ್ಚು ಹೇಳಿದರೂ ಕಷ್ಟವೇ. ‘ಹಾಲು ತಗೊಂಡು ಬರ್ತೀನಿ’ ಅಂತ ಹೊರಟ ನಮ್ಮ ಬೀದಿಯ ಒಬ್ಬರು, ಅಂದು ಡೇರಿ ಮುಚ್ಚಿದ್ದರಿಂದ, ಎಮ್ಮೆ ಕಟ್ಟಿದ ಮನೆ ಸಿಗುವವರೆಗೆ ಮೂರು ಹಳ್ಳಿ ಸುತ್ತಿ ಮಾರನೆಯ ಸಂಜೆ ಚೊಂಬು ಹಿಡಿದು ಬಂದರು. ಕೊಡೆ ರಿಪೇರಿ ಚನ್ನಯ್ಯನದು ಇನ್ನೂ ಕಷ್ಟ. ಅವನು ಯಾವುದೋ ಗಡಿಬಿಡಿಯಲ್ಲಿ ‘ನಾಳೆ ಬರ್ತೀನಿ’ ಅಂದುಬಿಟ್ಟ. ಊರಾಚೆಯ ಮೈಲುಗಲ್ಲಿನವರೆಗೆ ದಿನಾ ಬರುತ್ತಾನೆ, ಅಲ್ಲಿಂದ ಈಚೆಗೆ ಹೆಜ್ಜೆ ಬರುವುದಿಲ್ಲ. ಅವನ ಹೆಂಡತಿ ಅಲ್ಲಿಗೇ ಬುತ್ತಿ ಒಯ್ದು ಕೊಡುತ್ತಾಳೆ, ಜನ ಹರಿದ ಕೊಡೆಗಳನ್ನೂ ಅಲ್ಲಿಗೇ ಒಯ್ಯುತ್ತಾರೆ. ಯಾವಾಗ ಬರ್ತೀಯೋ ಎಂದು ಕೇಳಿದರೆ, ಹೇಳಿದೀನಲ್ಲ, ನಾಳೆ ಅಂತ, ಎನ್ನುತ್ತಾನೆ. ಇನ್ನು ಬರೀ ‘ಹೋಗ್ತೀನಿ’ ಅಂದವರ ವಿಷಯ ನಾವು ಮಾತಾಡುವುದಿಲ್ಲ. ಅವರು ಮೈಲುಗಲ್ಲಿನವರೆಗೂ ಬಂದಿಲ್ಲ.

ಇಂಥ ಊರಿನ ಹೈಸ್ಕೂಲಿಗೆ ವಿಜ್ಞಾನ ಕಲಿಸಲು ಲವೀನಾ ಮಿಸ್ ಬಂದರು. ಕಡಲ ತೀರದವರು, ಗಟ್ಟಿ ಹುಡುಗಿ. ಮೊದಲ ಶನಿವಾರವೇ ಬಾಡಿಗೆ ಮನೆಯ ಅಜ್ಜಿಗೆ “ಹೋಗಿ ಬರ್ತೀನಿ ಅಜ್ಜಿ” ಅಂತ ಹೇಳಿ ತಾಯಿಯ ಮನೆಗೆ ಹೊರಟು, ಅರ್ಧ ದಾರಿಯಲ್ಲಿ ಬಸ್ಸಿಳಿದು, ಮೀನಿನ ಸಾರು ಉಣ್ಣಬೇಕಾದ ಹೊತ್ತಿಗೆ ಅಜ್ಜಿಯ ಹುರುಳಿ ಸಾರಿನ ಮುಂದೆ ಬಂದು ಕೂತರು. ಬೇರೆಯವರಾದರೆ ವರ್ಗಾವಣೆ ಕೇಳುತ್ತಿದ್ದರು. ಇವರು ಎರಡು ದಿನ ಮುಖ ಊದಿಸಿಕೊಂಡಿದ್ದು, ಮೂರನೆಯ ದಿನ ಸ್ಟಾಫ್ ರೂಮಿನಲ್ಲಿ, “ನಮ್ಮ ಒಂಬತ್ತನೇ ತರಗತಿಯವರನ್ನ ಒಂದು ರಾತ್ರಿ ನೀರಕೋಳಿ ಕೆರೆ ಹತ್ರ ಇರಿಸಬೇಕು” ಎಂದು ಘೋಷಿಸಿದರು.

ನೀರಕೋಳಿ ಕೆರೆ ಗುಡ್ಡದಾಚೆ, ಎರಡು ಗಂಟೆಯ ನಡಿಗೆ. ಅಲ್ಲಿ ಬಡಿಗ ಕಪ್ಪೆ ಎನ್ನುವುದೊಂದು ಇದೆಯಂತೆ. ಗಂಡು ಕಪ್ಪೆ ರಾತ್ರಿ ಹೊತ್ತು ಮರಕ್ಕೆ ಸುತ್ತಿಗೆಯಲ್ಲಿ ಹೊಡೆದ ಹಾಗೆ ಟಕ್ ಟಕ್ ಎಂದು ಸದ್ದು ಮಾಡಿ ಹೆಣ್ಣನ್ನು ಕರೆಯುತ್ತದಂತೆ. ಪುಸ್ತಕದಲ್ಲಿ ಪರಿಸರ ಅಂತ ಒಂದು ಪಾಠವಿದೆ, ಅದರಲ್ಲಿ ರಾತ್ರಿಯ ಜೀವಿಗಳು ಅಂತ ಅರ್ಧ ಪುಟವಿದೆ, ಆ ಅರ್ಧ ಪುಟವನ್ನು ನಮ್ಮ ಮಕ್ಕಳು ಎಂದೂ ಕಂಡಿಲ್ಲವಲ್ಲ ಎಂಬುದು ಮಿಸ್ಸಿನ ಸಂಕಟ. ನಮಗೆ ಯಾರಿಗೂ ಅದು ಸಂಕಟವಾಗಿ ಕಂಡಿರಲಿಲ್ಲ. ಹೊರಗೆ ಮಲಗಬೇಕೆಂದು ನಮ್ಮೂರಿನಲ್ಲಿ ಯಾರಿಗೂ ಅನ್ನಿಸಿಯೇ ಇರಲಿಲ್ಲ.

ಹೆಡ್‌ಮಾಸ್ತರ್ ಗವಿರಂಗಯ್ಯನವರು ಕನ್ನಡಕ ತೆಗೆದು ಒರೆಸಿಕೊಂಡರು. ಇಲ್ಲ ಅನ್ನುವುದಕ್ಕೆ ಮುಂಚೆ ಅವರು ಹಾಗೆ ಮಾಡುತ್ತಾರೆ. “ಮಿಸ್, ಮಕ್ಕಳು ಹೊಸ್ತಿಲ ಮೇಲೆ ನಿಂತು ಏನಂತ ಹೇಳಬೇಕು?”

“ಅದನ್ನ ಕನ್ನಡದ ಸರ್ ಹೇಳಬೇಕು. ಭಾಷೆ ಅವರದ್ದು ತಾನೆ?” ಎಂದು ಮಿಸ್ ನನ್ನ ಕಡೆ ನೋಡಿದರು.

ನಾನು ವಿಠಲಮೂರ್ತಿ, ಆ ಶಾಲೆಯಲ್ಲಿ ಕನ್ನಡ ಮೇಷ್ಟ್ರು. ಅಲ್ಲಿಯವರೆಗೆ ನನ್ನನ್ನು ಯಾರೂ ಯಾವುದಕ್ಕೂ ಏನೂ ಕೇಳಿದವರಲ್ಲ. ನನ್ನ ಪೀರಿಯಡ್ಡನ್ನು ಗಣಿತದವರು ಕೇಳದೇ ತೆಗೆದುಕೊಳ್ಳುತ್ತಿದ್ದರು, ಕ್ರೀಡಾದಿನದ ತಾಲೀಮಿಗೆ ಪಿ.ಟಿ. ಮೇಷ್ಟ್ರು ಕೇಳದೇ ತೆಗೆದುಕೊಳ್ಳುತ್ತಿದ್ದರು. ಮಿಸ್ ಹಾಗೆ ಅಂದಾಗ ಎದೆಯುಬ್ಬಿದ್ದು ಸುಳ್ಳಲ್ಲ. ನನ್ನ ಮಗಳು ಕೇತಕಿ ಅದೇ ಒಂಬತ್ತನೇ ತರಗತಿಯಲ್ಲಿದ್ದಾಳೆ ಎಂಬುದು ಆ ಹೊತ್ತಿನಲ್ಲಿ ತಲೆಗೇ ಬರಲಿಲ್ಲ.

ತಯಾರಿ ಶುರುವಾಯಿತು. ಬೇರೆ ಶಾಲೆಗಳಲ್ಲಿ ಪ್ರವಾಸದ ತಯಾರಿ ಅಂದರೆ ಬಸ್ಸು, ಅಕ್ಕಿ, ಔಷಧಿ. ನಮ್ಮಲ್ಲಿ ಅದಕ್ಕೆಲ್ಲ ಅರ್ಧ ದಿನವೂ ಹಿಡಿಯಲಿಲ್ಲ, ಒಂದು ವಾಕ್ಯಕ್ಕೆ ಮಳೆಗಾಲ ಅರ್ಧ ಕಳೆಯಿತು. ಗವಿರಂಗಯ್ಯನವರು ಲೆಕ್ಕದಲ್ಲಿ ಪಳಗಿದವರಾದ್ದರಿಂದ, ತಾರೀಖು, ತಿಂಗಳು, ಇಸವಿ ಸೇರಿಸಿ ಹೇಳಿದರೆ ಯಾವ ತಕರಾರೂ ಇರುವುದಿಲ್ಲ ಎಂದು ವಾದಿಸಿದರು. ತಮ್ಮ ಮನೆಯ ಹೊಸ್ತಿಲ ಮೇಲೆ ತಾವೇ ನಿಂತು ಪ್ರಯೋಗ ಮಾಡಿದರು. ಇಸವಿಯವರೆಗೆ ಹೇಳಿ ಮುಗಿಸಿ ಎತ್ತಿದ ಕಾಲು ಹಾಗೇ ಗಾಳಿಯಲ್ಲಿ ನಿಂತಿತು. ಮುಂದೂ ಹೋಗದು, ಹಿಂದೂ ಬಾರದು. ನಾವೆಲ್ಲ ಅವರ ಜಗಲಿಯ ಮೇಲೆ ಕೂತು ಕಾಫಿ ಕುಡಿದೆವು, ಅವರಿಗೂ ನಿಂತಲ್ಲೇ ಒಂದು ಲೋಟ ಕೊಟ್ಟರು. ಕೊನೆಗೆ ಬೇಸತ್ತು “ಹಾಳಾಗ್ಲಿ, ಹೋಗಿ ಬರ್ತೀನಿ” ಅಂದ ಮೇಲೆ ಕಾಲು ನೆಲ ಮುಟ್ಟಿತು. ಹೊಸ್ತಿಲಿಗೆ ಕ್ರಿಯಾಪದ ಅರ್ಥವಾಗುತ್ತದೆ, ಕ್ಯಾಲೆಂಡರ್ ಅರ್ಥವಾಗುವುದಿಲ್ಲ ಎಂದು ನಾನು ಹೇಳಿದೆ. ಮಿಸ್ ತಲೆದೂಗಿದರು, ನನಗೆ ಇನ್ನಷ್ಟು ಹುರುಪು ಬಂತು.

ಆಗಲೇ ನನಗೆ ಕೃದಂತಾವ್ಯಯ ನೆನಪಾದದ್ದು. ಹೋಗಿ, ನೋಡಿ, ಉಂಡು, ಮಲಗಿ, ಎದ್ದು ಇವೆಲ್ಲ ಕೃದಂತಾವ್ಯಯಗಳು. ವಾಕ್ಯದ ಕೊನೆಯ ಕ್ರಿಯೆ ನಡೆಯಬೇಕಾದರೆ ಅದಕ್ಕೆ ಮುಂಚೆ ಇವು ನಡೆದು ಮುಗಿದಿರಬೇಕು. ಹಾಲು ತಗೊಂಡ ಮೇಲೇ ಬರುವುದು ಸಾಧ್ಯ ಅನ್ನುವುದಾದರೆ, ಮಲಗಿ ಎದ್ದ ಮೇಲೇ ಬರುವುದು ಏಕೆ ಸಾಧ್ಯವಾಗಬಾರದು? ‘ಮಲಗಿ ಎದ್ದು ಬರ್ತೀನಿ.’ ಮೂರೇ ಮಾತು. ಬೋರ್ಡಿನ ಮೇಲೆ ಬರೆದು ಕೆಳಗೆ ಎರಡು ಗೆರೆ ಎಳೆದೆ.

ಪ್ರಯೋಗಕ್ಕೆ ಪಿ.ಟಿ. ಮೇಷ್ಟ್ರು ದಸ್ತಗೀರ್ ಒಪ್ಪಿಕೊಂಡರು. ಬೆಳಿಗ್ಗೆ ಹೆಂಡತಿಯ ಮುಂದೆ ನಿಂತು ವಾಕ್ಯ ಹೇಳಿ, ಸೀಟಿ ಕೊರಳಿಗೆ ಹಾಕಿಕೊಂಡು ಕೆರೆಗೆ ಹೋದವರು, ಮಧ್ಯಾಹ್ನ ಮೂರಕ್ಕೆಲ್ಲ ಕೆನ್ನೆಯ ಮೇಲೆ ಹುಲ್ಲಿನ ಅಚ್ಚು ಮೂಡಿಸಿಕೊಂಡು ವಾಪಸ್ಸು ಬಂದರು. ಬುತ್ತಿ ಉಂಡು ಮರದ ಕೆಳಗೆ ಒಂದು ಗಳಿಗೆ ಒರಗಿದ್ದರಂತೆ. ವಾಕ್ಯಕ್ಕೆ ‘ರಾತ್ರಿ’ ಸೇರಿಸೋಣ ಎಂದು ನಾನಂದೆ. ಗವಿರಂಗಯ್ಯನವರು ಕನ್ನಡಕ ಒರೆಸಿಕೊಂಡರು. “ಬೇಡ. ಉದ್ದ ಆದಷ್ಟೂ ಮಕ್ಕಳು ತಪ್ಪು ಹೇಳ್ತಾರೆ. ಮಧ್ಯಾಹ್ನದ ನಿದ್ದೆ ದಸ್ತಗೀರರ ಕಾಯಿಲೆ, ಮಕ್ಕಳದ್ದಲ್ಲ.” ಎರಡನೆಯ ಸಲ ನಕ್ಷತ್ರ ಕಾಣುವವರೆಗೆ ನೆಲಕ್ಕೆ ಬೆನ್ನು ತಾಗಿಸಬಾರದೆಂದು ಆಣೆ ಮಾಡಿಸಿ ಕಳಿಸಿದೆವು. ಮಾರನೆಯ ಬೆಳಿಗ್ಗೆ ಬಿಸಿಲಿನೊಂದಿಗೇ ಊರು ಹೊಕ್ಕರು. ಸೊಳ್ಳೆ ಕಚ್ಚಿ ಮುಖ ದಪ್ಪಗಾಗಿತ್ತು. ಬೇಕೆಂದೇ ಊರ ಹೊರಗೆ ಮಲಗಿ ನಕ್ಷತ್ರ ನೋಡಿದ ಮೊದಲ ಮನುಷ್ಯ ಎಂದು ಅವರಿಗೆ ಶಾಲು ಹೊದಿಸಿದೆವು. ಅಂದಿನಿಂದ ಯಾರ ಮಾತಿಗಾದರೂ “ಅದೆಲ್ಲ ಹೊರಗೆ ಮಲಗಿ ಎದ್ದವನಿಗೆ ಗೊತ್ತು ಕಣ್ರೀ” ಎನ್ನುವುದು ಅವರ ಅಭ್ಯಾಸವಾಯಿತು. ಕಪ್ಪೆ ಕೇಳಿಸಿತಾ ಎಂದು ಮಿಸ್ ಕೇಳಿದಾಗ ಮಾತ್ರ, ಬೆನ್ನು ತಾಗಿಸಿದ್ದೊಂದೇ ನೆನಪು ಎಂದು ತಲೆ ಕೆರೆದುಕೊಂಡರು.

ಆಮೇಲೆ ಪೋಷಕರ ಸಭೆ. ಶಾಲೆಯ ಅಂಗಳ ತುಂಬಿತ್ತು. ಹಿಟ್ಟಿನ ಗಿರಣಿಯ ರುದ್ರಮುನಿ, ಹಾಸಿಗೆಯಲ್ಲಿ ಮೂರು ಸುತ್ತು ಹೊರಳುವ ತನ್ನ ಮಗ ಕೆರೆಗೆ ಬಿದ್ದರೆ ಹೊಣೆ ಯಾರು ಎಂದು ಕೇಳಿದ. ಹಗ್ಗ ಕಟ್ಟಿ ಮಲಗಿಸುತ್ತೇವೆ ಎಂದರು ದಸ್ತಗೀರ್. ಒಬ್ಬ ತಾಯಿ, ಕಪ್ಪೆಯ ಸದ್ದು ಕೇಳಲು ಅಷ್ಟು ದೂರ ಯಾಕೆ, ನಮ್ಮ ಮನೆಯ ಗೊರಕೆ ಕೇಳಿದರೆ ಸಾಲದೆ ಎಂದಳು. ಜನ ನಕ್ಕರು, ಅರ್ಧ ಒಪ್ಪಿಕೊಂಡಂತೆಯೇ ಆಯಿತು. ಆಗ ಹೆಂಗಸರ ಸಾಲಿನಿಂದ ನನ್ನ ಹೆಂಡತಿ ಅಂಬುಜ ಎದ್ದು ನಿಂತಳು.

“ಮಲಗಿದವರು ಏಳದೆ ಹೋದ್ರೆ?” ಎಂದಳು.

ಊರಿನ ಪ್ರತಿ ತಾಯಿಯ ಹೊಟ್ಟೆಯಲ್ಲಿದ್ದದ್ದು ಅದೇ, ಬಾಯಿಗೆ ತಂದವಳು ಇವಳು. ನಾನು ಎದ್ದು, ವಾಕ್ಯದಲ್ಲಿ ‘ಎದ್ದು’ ಎಂದಿದೆ, ವಾಕ್ಯದಲ್ಲಿ ಇದ್ದದ್ದು ನಡೆದೇ ತೀರುತ್ತದೆ, ಆದ್ದರಿಂದ ನಮ್ಮ ಮನೆಗಳಲ್ಲಿ ಮಲಗುವುದಕ್ಕಿಂತ ಅಲ್ಲಿ ಮಲಗುವುದೇ ಕ್ಷೇಮ ಎಂದು ವಿವರಿಸಿದೆ. ಎಷ್ಟು ಚೆನ್ನಾಗಿ ಹೇಳಿದೆನೆಂದರೆ ಗವಿರಂಗಯ್ಯನವರೇ ಚಪ್ಪಾಳೆ ತಟ್ಟಿದರು. ಅಂಬುಜ ತಟ್ಟಲಿಲ್ಲ.

ಮನೆಗೆ ಬಂದ ಮೇಲೆ ಸೊಪ್ಪು ಬಿಡಿಸುತ್ತ, “ಊರಿನ ಮಕ್ಕಳೆಲ್ಲ ಹೋಗಲಿ. ನಿಮ್ಮ ವ್ಯಾಕರಣ ನಂಬ್ಕೊಂಡು ನನ್ನ ಮಗಳನ್ನ ಕಳಿಸಲ್ಲ” ಎಂದಳು. ಕೇತಕಿ ಊಟ ಬಿಟ್ಟಳು. ಆ ಹುಡುಗಿಗೆ ಮಿಸ್ ಕಪ್ಪೆಯ ಹುಚ್ಚು ಹಿಡಿಸಿದ್ದರು. ಬಚ್ಚಲ ಮೂಲೆಯ ಕಪ್ಪೆಗೆ ಹೆಸರಿಟ್ಟು, ಅದು ಎದ್ದು ಹೋಗುವವರೆಗೆ ಸ್ನಾನಕ್ಕೆ ಹೋಗುತ್ತಿರಲಿಲ್ಲ. ಎರಡು ದಿನ ತಾಯಿ ಮಗಳು ಇಬ್ಬರೂ ನನ್ನ ಮೂಲಕ ಮಾತಾಡಿದರು. “ನಿಮ್ಮ ಮಗಳಿಗೆ ಹೇಳಿ, ರೊಟ್ಟಿ ಆರಿಹೋಗ್ತಿದೆ ಅಂತ.” “ಅಪ್ಪ, ಅಮ್ಮನಿಗೆ ಹೇಳು, ನನಗೆ ಹಸಿವಿಲ್ಲ ಅಂತ.” ಮೂರನೆಯ ದಿನ ಅಂಬುಜ ಸೋತಳು, ಆದರೆ ಒಂದು ಮಾತು ಕಟ್ಟಿಹಾಕಿದಳು. “ನೀವೂ ಅವಳ ಜೊತೆ ಹೋಗಬೇಕು. ಅವಳನ್ನ ಬಿಟ್ಟು ನೀವೊಬ್ಬರೇ ಬಾಗಿಲಿಗೆ ಬಂದ್ರೆ ನಾನು ಬಾಗಿಲು ತೆಗೆಯಲ್ಲ.” ಒಬ್ಬನೇ ಬರುವುದಿಲ್ಲ ಎಂದು ಮಾತು ಕೊಟ್ಟೆ. ಅವಳ ಕಣ್ಣು ತುಂಬಿತ್ತು. ಹೊರಗೆ ರಾತ್ರಿ ಕಳೆದ ಮಗುವಿನ ತಾಯಿಯೊಬ್ಬಳೂ ನಮ್ಮೂರಿನಲ್ಲಿ ಇರಲಿಲ್ಲ, ಹೇಗೆ ಕಾಯಬೇಕೆಂದು ಅವಳು ಕೇಳಿ ತಿಳಿಯುವುದಾದರೂ ಯಾರಿಂದ?

ಹೊರಡುವ ದಿನ ಪ್ರತಿ ಮನೆಯ ಹೊಸ್ತಿಲ ಮೇಲೂ ಒಂದೊಂದು ಮಗು ನಿಂತು ನನ್ನ ವಾಕ್ಯ ಹೇಳಿತು. ಬೀದಿಯುದ್ದಕ್ಕೂ ಅದು ಕೇಳಿಸುತ್ತ ಬರುವಾಗ ಮೈ ಜುಂ ಎಂದಿತು. ಕೇತಕಿ ಹೇಳಿದಳು, ನಾನು ಹೇಳಿದೆ, ಅಂಬುಜ ಇಬ್ಬರಿಗೂ “ಹೋಗಿ ಬನ್ನಿ” ಅಂದು ಸೆರಗು ಬಾಯಿಗೆ ಒತ್ತಿಕೊಂಡಳು.

ಕೆರೆಯ ಹತ್ತಿರ ಹಗಲೆಲ್ಲ ಚೆನ್ನಾಗಿಯೇ ನಡೆಯಿತು. ದಸ್ತಗೀರ್ ಸೀಟಿ ಊದುತ್ತ, ಯಾರ ಕಣ್ಣು ಮುಚ್ಚಿದರೂ ಎಬ್ಬಿಸಿ ಓಡಿಸಿದರು. ಮಿಸ್ ಎಲೆ, ಹುಳು, ಹಕ್ಕಿಯ ಹಿಕ್ಕೆ, ಏನು ಸಿಕ್ಕರೂ ಪಾಠ ಮಾಡಿದರು. ಕತ್ತಲಾಯಿತು, ಯಾರ ಕಾಲೂ ತಿರುಗಲಿಲ್ಲ. ಮಕ್ಕಳು ತಂತಮ್ಮ ಪಾದಗಳನ್ನು ನೋಡಿಕೊಂಡು ನಿಂತರು, ಆಮೇಲೆ ಕುಣಿದರು. ನನ್ನ ವ್ಯಾಕರಣ ಗೆದ್ದಿತ್ತು. ಎಲ್ಲರನ್ನೂ ಸಾಲಾಗಿ ಮಲಗಿಸಿ, ಇನ್ನು ಕಣ್ಣು ಮುಚ್ಚಿ ಎಂದೆವು.

ಹುಟ್ಟಿದಾಗಿನಿಂದ ದೀಪ ಹಚ್ಚುವ ಹೊತ್ತಿಗೆ ಮನೆ ಸೇರಿದ ಮಕ್ಕಳು ಮೊದಲ ಸಲ ಆಕಾಶದ ಕೆಳಗೆ ಮಲಗಿದರೆ ನಿದ್ದೆ ಮಾಡುತ್ತಾರೆಯೇ? ಇದನ್ನು ನಾವು ಯಾರೂ ಯೋಚಿಸಿಯೇ ಇರಲಿಲ್ಲ. ಪ್ರಯೋಗ ಮಾಡಿದ್ದು ದಸ್ತಗೀರರ ಮೇಲೆ, ಅವರು ಬೆನ್ನು ತಾಗಿದರೆ ಮಲಗುವವರು, ಅಂದೂ ಹಾಗೇ ಮಲಗಿದರು. ಮಕ್ಕಳು ಮಾತ್ರ ಪಿಸುಗುಟ್ಟಿದರು, ನಕ್ಕರು, ಹಾಡಿದರು, ನಕ್ಷತ್ರ ಎಣಿಸಿ ಜಗಳವಾಡಿದರು. ಆ ಗಲಾಟೆಗೆ ಬಡಿಗ ಕಪ್ಪೆ ಸುತ್ತಿಗೆಯನ್ನೇ ಎತ್ತಲಿಲ್ಲ. ಕೇತಕಿ ನೀರಿನ ಅಂಚಿನಲ್ಲಿ ಕೂತು ತುಟಿಗೆ ಬೆರಳಿಟ್ಟು ಎಲ್ಲರನ್ನೂ ಗದರಿಸುತ್ತಿದ್ದಳು. ಅವಳು ಮಲಗುವವರೆಗೆ ನಾನು ಮಲಗಬಾರದೆಂದು ಅಕ್ಕಿ ಮೂಟೆಗೆ ಒರಗಿ ಕೂತೆ.

ಕಣ್ಣಿಗೆ ಬಿಸಿಲು ಹೊಡೆದಾಗ ನಾನು ಆಗಲೇ ನಡೆಯುತ್ತಿದ್ದೆ. ಕಾಲು ಊರಿನ ಕಡೆ ತಿರುಗಿತ್ತು, ಮುಂದೆ ದಸ್ತಗೀರ್ ಆಕಳಿಸುತ್ತ ಹೋಗುತ್ತಿದ್ದರು. ಮರ ಹಿಡಿದು ನಿಲ್ಲಲು ನೋಡಿದೆ, ತೊಗಟೆ ಕೈಗೆ ಬಂತು. ತಿರುಗಿ ನೋಡಿದರೆ ಕೆರೆಯ ದಂಡೆಯಲ್ಲಿ ಇಡೀ ತರಗತಿ ಎಚ್ಚರವಾಗಿ ಕೂತು ನನ್ನನ್ನೇ ನೋಡುತ್ತಿದೆ. “ಕೇತಕೀ, ಮಲಗಮ್ಮ. ಎಲ್ಲರೂ ಮಲಗ್ರೋ” ಎಂದು ಕೂಗಿದೆ. ಕೇತಕಿ ಕೈ ಬೀಸಿ, “ಹೋಗಿ ಬಾ ಅಪ್ಪ” ಎಂದಳು.

ಊರ ಬಾಗಿಲಲ್ಲಿ ತಾಯಂದಿರು ಆರತಿ ತಟ್ಟೆ ಹಿಡಿದು ನಿಂತಿದ್ದರು. ಅವರ ಮುಂದೆ ಬಂದವರು ನಾವಿಬ್ಬರು ಮೇಷ್ಟ್ರುಗಳು, ಮಕ್ಕಳು ಒಬ್ಬರೂ ಇಲ್ಲ. ತಟ್ಟೆಗಳು ಕೆಳಗಿಳಿದವು. ಅಂಬುಜ ಎಲ್ಲರನ್ನೂ ಸರಿಸಿಕೊಂಡು ಮುಂದೆ ಬಂದಳು.

“ಕೇತಕಿ ಎಲ್ಲಿ?”

“ಅವಳಿನ್ನೂ ಮಲಗಿಲ್ಲ.”

“ನೀವು?”

“ನಾನು ಎದ್ದೆ.”

ಅವಳು ನನ್ನನ್ನು ಬೈದಿದ್ದರೆ ಚೆನ್ನಾಗಿತ್ತು. ತಿರುಗಿ ಮನೆಗೆ ಹೋದಳು. ಬಾಗಿಲು ಹಾಕಿತ್ತು, ನಾನು ಜಗಲಿಯ ಮೇಲೆ ಕೂತೆ.

ಹಗಲು ಏರಿದಂತೆ ಮಕ್ಕಳಿಗೆ ಕಣ್ಣು ಎಳೆಯತೊಡಗಿರಬೇಕು. ಒಬ್ಬೊಬ್ಬರಾಗಿ, ಮಲಗಿ ಎದ್ದ ಹಾಗೇ, ಬರತೊಡಗಿದರು. ಕೆದರಿದ ಜಡೆ, ಒಂದೇ ಕಾಲಿಗೆ ಚಪ್ಪಲಿ, ಇನ್ನೊಬ್ಬರ ಕಂಬಳಿ. ರುದ್ರಮುನಿಯ ಮಗ ಬಂದದ್ದು ಕಣ್ಣು ಮುಚ್ಚಿಕೊಂಡು. ಹೊಸ್ತಿಲ ಮೇಲೆ ಅವನು ಗಡಿಬಿಡಿಯಲ್ಲಿ ‘ಎದ್ದು ಮಲಗಿ ಬರ್ತೀನಿ’ ಅಂದಿದ್ದನಂತೆ. ನಿದ್ದೆಯಲ್ಲೇ ಬೀದಿ ದಾಟಿ, ಮೆಟ್ಟಿಲು ಹತ್ತಿ, ತನ್ನ ಹಾಸಿಗೆಯಲ್ಲಿ ಮೂರು ಸುತ್ತು ಹೊರಳಿದ. ಪ್ರತಿ ಮಗು ಬಂದಾಗಲೂ ಬೀದಿಯಲ್ಲಿ ಒಂದು ಮನೆಯ ನಗು ಏಳುತ್ತಿತ್ತು, ನಮ್ಮ ಬಾಗಿಲು ಒಂದು ಸಲ ಸಂದು ಬಿಟ್ಟು ಮತ್ತೆ ಮುಚ್ಚುತ್ತಿತ್ತು. ಇಳಿಹೊತ್ತಿಗೆ ಎಲ್ಲ ಮನೆಗೂ ಮಗು ಬಂದಿತ್ತು. ಲವೀನಾ ಮಿಸ್ ಮತ್ತು ಕೇತಕಿ ಬರಲಿಲ್ಲ. ಕೊನೆಗೆ ಬಂದ ಹುಡುಗಿಯನ್ನು ಕೇಳಿದೆ. ಕೇತಕಿಗೆ ನಿದ್ದೆ ಬರುತ್ತಿಲ್ಲವೇನೋ ಎಂದೆ. “ಬರ್ತಿದೆ ಸರ್. ಅವಳೇ ಕಣ್ಣಿಗೆ ನೀರು ಹಾಕ್ಕೊತಿದಾಳೆ” ಎಂದಳು ಹುಡುಗಿ. “ಕಪ್ಪೆ ಇನ್ನೂ ಕೂಗಿಲ್ವಲ್ಲ, ಅದಕ್ಕೆ. ಅವಳು ಮಲಗೋ ತನಕ ಮಿಸ್ಸೂ ಮಲಗಲ್ವಂತೆ.”

ಇದು ನಾನು ನಿರೀಕ್ಷಿಸಿದ ಭಯವಲ್ಲ. ನಿದ್ದೆ ಬಾರದ ಮಗುವನ್ನು ಹೇಗಾದರೂ ಮಲಗಿಸಬಹುದು. ಮಲಗದಿದ್ದರೆ ಮನೆಗೆ ಹೋಗಬೇಕಾಗಿಲ್ಲ ಎಂದು ಕಂಡುಕೊಂಡ ಮಗುವನ್ನು ಏನು ಮಾಡುವುದು? ನಾನೇ ಹೋಗುವುದೆಂದು ಎದ್ದೆ. ಮಗಳ ಹತ್ತಿರ ಹೋಗುತ್ತೇನೆಂದು ಹೇಳಿ ಬಾಗಿಲು ತೆಗೆಸಿ ಒಳಗೆ ಹೋದೆ, ಹೊಸ್ತಿಲ ಮೇಲೆ ನಿಂತು ಹೇಳಬೇಕಾದ ವಾಕ್ಯ ಹುಡುಕಿದೆ. ‘ನೋಡಿ ಬರ್ತೀನಿ’ ಅಂದರೆ ಅವಳ ಮುಖ ಕಂಡ ಕೂಡಲೇ ವಾಪಸ್ಸು ಬರಬೇಕಾಗುತ್ತದೆ. ‘ಮಲಗಿಸಿ ಬರ್ತೀನಿ’ ಅನ್ನಬಹುದು, ಆದರೆ ಮಲಗಿಸಿ ನಾನು ಬಂದರೆ ಅವಳು ಕತ್ತಲಲ್ಲಿ ನಾನಿಲ್ಲದೆ ಏಳುತ್ತಾಳೆ. ‘ಮಲಗಿಸಿ ಎಬ್ಬಿಸಿ’ ಎನ್ನಲೇ? ನಾನು ಹೀಗೆ ಪ್ರೇರಣಾರ್ಥಕ ಪ್ರತ್ಯಯದಲ್ಲಿ ಸಿಕ್ಕಿಕೊಂಡಿರುವಾಗ ಅಂಬುಜ ಒಂದು ಡಬ್ಬಿಗೆ ಮೊಸರನ್ನ ತುಂಬಿ, ನನ್ನ ಟಾರ್ಚು ತೆಗೆದುಕೊಂಡು, ಚಪ್ಪಲಿ ಮೆಟ್ಟಿದಳು.

“ಕರ್ಕೊಂಡು ಬರ್ತೀನಿ” ಎಂದಳು, ಹೊರಟಳು.

ಸಂತೆಯಿಂದ, ಶಾಲೆಯಿಂದ, ಪಕ್ಕದ ಮನೆಯಿಂದ ಮಗುವನ್ನು ಕರೆತರಲು ಹೋಗುವ ಯಾರಾದರೂ ಹೇಳುವ ಮಾತು ಅದು. ಅವಳು ತಿರುವಿನಲ್ಲಿ ಮರೆಯಾದ ಮೇಲೆ ನನಗೆ ಅದರ ಭಾರ ತಿಳಿಯಿತು. ಕೇತಕಿ ಬಾರದೆ ಅಂಬುಜ ಬರುವಂತಿಲ್ಲ. ಆ ರಾತ್ರಿ ಮನೆಯಲ್ಲಿ ನಾನೊಬ್ಬನೇ. ಇಬ್ಬರನ್ನೂ ಕಳೆದುಕೊಂಡೆ ಅನ್ನಿಸಿತು, ಅಡುಗೆಮನೆಯಲ್ಲಿ ಕೂತು ಅತ್ತೆ.

ಮಾರನೆಯ ದಿನ ಊಟದ ಹೊತ್ತಿಗೆ ಮೂವರೂ ಬಂದರು. ಮಿಸ್ ಊರ ಬಾಗಿಲಲ್ಲೇ ಕೈ ಬೀಸಿ ತಮ್ಮ ಬಾಡಿಗೆ ಮನೆಗೆ ಹೋದರು. ಅದಾದ ಮೇಲಿನ ಶನಿವಾರ ಅವರು ನನ್ನ ವಾಕ್ಯ ಹೇಳಿಯೇ ತಾಯಿಯ ಮನೆಗೆ ಹೊರಟು, ಮೀನಿನ ಸಾರು ಉಂಡು ಬಂದರೆಂದು ಕೇಳಿದೆ. ಬಂದ ದಿನ ಕೇತಕಿ ಎರಡು ಸಲ ಅನ್ನ ಹಾಕಿಸಿಕೊಂಡಳು. ಅಂಬುಜ ಏನೂ ಆಗದವಳ ಹಾಗೆ ಒಗ್ಗರಣೆ ಹಾಕಿದಳು. ನಾನೇ ಕೇಳಬೇಕಾಯಿತು.

“ರಾತ್ರಿಯೇ ಮಲಗಿಸಿ ಕರ್ಕೊಂಡು ಬರಬಹುದಿತ್ತಲ್ಲ?”

“ಕರ್ಕೊಂಡು ಬರ್ತೀನಿ ಅಂದೆ. ಯಾವಾಗ ಅಂತ ಅಂದ್ನಾ?”

ಒಗ್ಗರಣೆಯನ್ನು ಸಾರಿಗೆ ಸುರಿದು ತಾನೇ ಹೇಳಿದಳು. ಅವಳು ಹೋದಾಗ ಇಬ್ಬರೂ ನೀರಿನ ಅಂಚಿನಲ್ಲಿ ಕೂತಿದ್ದರಂತೆ. ಬೈಯಬೇಕೆಂದು ಎರಡು ಗಂಟೆಯ ದಾರಿಯುದ್ದಕ್ಕೂ ಮಾತು ಜೋಡಿಸಿಕೊಂಡು ಹೋಗಿದ್ದಳಂತೆ. ಕೇತಕಿ ತುಟಿಗೆ ಬೆರಳಿಟ್ಟು ಪಕ್ಕದಲ್ಲಿ ಜಾಗ ತೋರಿಸಿದಳು, ಇವಳು ಕೂತಳು. ಬಹಳ ಹೊತ್ತು ಏನೂ ಇಲ್ಲ. ಆಮೇಲೆ ಎದುರು ದಂಡೆಯಲ್ಲಿ ಯಾರೋ ಕಿಟಕಿ ಕೂರಿಸುತ್ತಿರುವ ಹಾಗೆ ಟಕ್ ಟಕ್. ಈ ಕಡೆಯಿಂದ ಇನ್ನೊಂದು. ನೋಡನೋಡುತ್ತ ಇಡೀ ಕೆರೆ ಮನೆ ಕಟ್ಟತೊಡಗಿತಂತೆ. ಕೇತಕಿ ಸಾಕಾಗುವಷ್ಟು ಕೇಳಿ ತಾಯಿಯ ತೊಡೆಯ ಮೇಲೆ ಮಲಗಿದಳು. ಮಿಸ್ಸೂ ಮಲಗಿದರು.

“ನೀನು ಮಲಗಲಿಲ್ವಾ?”

“ನನ್ನ ಮಾತಿನಲ್ಲಿ ಮಲಗೋದು ಇರಲಿಲ್ವಲ್ಲ. ಎದ್ದಿರೋಕೆ ಯಾರ ಅಡ್ಡಿಯೂ ಇರಲಿಲ್ಲ” ಎಂದು ಒಲೆ ಆರಿಸಿದಳು. ನನ್ನ ಮೇಲಿನ ಸಿಟ್ಟು ಅವಳಿಗೆ ಮರೆತೇ ಹೋದಂತಿತ್ತು. ನನಗೆ ಅದರಿಂದ ಸಮಾಧಾನವಾಗಬೇಕಿತ್ತು, ಆಗಲಿಲ್ಲ.

ಮಳೆ ನಿಂತು ಬಿಸಿಲು ಬಂದ ಒಂದು ಭಾನುವಾರ ತಾಯಿ ಮಗಳು ಇಬ್ಬರೂ ಬೆಳಿಗ್ಗೆಯೇ ತಲೆ ಬಾಚಿ ಚೀಲ ಹಿಡಿದು ಬಾಗಿಲಿಗೆ ಬಂದರು. ಕೆರೆಯಾಚೆ ಇನ್ನೊಂದು ಗುಡ್ಡವಿದೆಯಂತೆ, ಅದರಾಚೆ ಏನೋ ಹಕ್ಕಿಗಳಿವೆ ಎಂದು ಮಿಸ್ ಹೇಳಿದ್ದರಂತೆ. ನಾನು ಪೇಪರು ಮಡಚಿಟ್ಟು ‘ಹೋಗಿ ಬನ್ನಿ’ ಅನ್ನಲು ಎದ್ದೆ. ಅಂಬುಜ ಹೊಸ್ತಿಲ ಮೇಲೆ ಕಾಲಿಟ್ಟಳು.

“ಎಲ್ಲಾ ನೋಡಿ ಬರ್ತೀವಿ” ಎಂದಳು.

ಎಲ್ಲಾ ಎಂದರೆ ಎಷ್ಟು? ಆ ಶಬ್ದಕ್ಕೆ ದಂಡೆಯಿಲ್ಲ. ಅದರಲ್ಲಿ ಗುಡ್ಡವೂ ಇದೆ, ಲವೀನಾ ಮಿಸ್ಸಿನ ಕಡಲೂ ಇದೆ, ಕಡಲಾಚೆಯದೂ ಇದೆ, ಎಲ್ಲವನ್ನೂ ನೋಡಿ ಮುಗಿಸಿ ಬರುವಷ್ಟರಲ್ಲಿ ನಾನು ಇರುತ್ತೇನೆಯೇ? ತಪ್ಪು ತಿದ್ದಿಯೇ ಹೊಟ್ಟೆ ಹೊರೆದವನು ನಾನು, ತಿದ್ದಲು ಬಾಯಿ ತೆರೆದೆ. ಅವಳ ಮುಖ ನೋಡಿದೆ. ಬಾಯಿತಪ್ಪಿ ಬಂದ ಮಾತಲ್ಲ ಅದು, ಆರಿಸಿ ಇಟ್ಟ ಮಾತು. ಭಯವಾಯಿತು, ಇವರಿಬ್ಬರಿಲ್ಲದ ಇನ್ನೊಂದು ರಾತ್ರಿ ನನ್ನಿಂದ ಆಗದು ಎಂದು ಮಾತ್ರ ಗೊತ್ತಾಯಿತು.

“ತಡಿ, ನಾನೂ ಬರ್ತೀನಿ” ಎಂದೆ, ಹೊಸ್ತಿಲ ಮೇಲೆ ನಿಂತು.

ನಮ್ಮೂರಿನಲ್ಲಿ ಬರ್ತೀನಿ ಅಂದರೆ ಮನೆಗೆ ಬರುವುದು. ಜೊತೆಗೆ ಹೊರಡುವುದನ್ನೂ ಬರುವುದು ಎಂದೇ ಅನ್ನುತ್ತಾರೆಂದು, ಕೂದಲು ನೆರೆಯುವವರೆಗೆ ಕನ್ನಡ ಕಲಿಸಿದ ನನಗೆ, ಅಂದು ಗೊತ್ತಾಯಿತು. ಹೊಸ್ತಿಲು ಅದನ್ನು ಹೇಗೆ ಅರ್ಥ ಮಾಡಿಕೊಂಡಿತೋ, ಕಾಲು ತಾನಾಗಿ ಎದ್ದಿತು. ಬಾಗಿಲು ಹಾಕಿಕೊಂಡು ಅವರ ಹಿಂದೆ ಬೀದಿಗೆ ಇಳಿದೆ, ಹೋಗಿ ಬಾ ಅನ್ನಲು ಮನೆಯಲ್ಲಿ ಯಾರೂ ಇರಲಿಲ್ಲ.